ಮಾಂಡವಿಯ ದಡದ ಪಡಸಾಲೆ: ಆಧುನಿಕ ವಾಸ್ತುಶಿಲ್ಪದಿಂದ ನಮಗೆ ಉಳಿದದ್ದು

ಪರಂಪರೆ ಎಂದೊಡನೆ ನಮ್ಮ ಮನಸ್ಸು ಕಲ್ಲಿನ ಕಡೆಗೆ ಹರಿಯುತ್ತದೆ. ಗೋವೆಯಲ್ಲಿ ನೆಲೆಸಿದ ಕನ್ನಡಿಗರು ಊರಿನಿಂದ ಬಂದ ನೆಂಟರಿಗೆ ಅಭಿಮಾನದಿಂದ ತೋರಿಸುವ ಕಟ್ಟಡಗಳಲ್ಲಿ ಘಟ್ಟದ ಬುಡದ ಕಾಡಿನಲ್ಲಿರುವ ತಾಂಬ್ಡಿ ಸುರ್ಲಾದ ಮಹಾದೇವ ದೇಗುಲ ಮುಖ್ಯವಾದುದು. ಗೋವೆಯ ಕದಂಬರ ಕಾಲದ ಆ ಕರಿಗಲ್ಲಿನ ಗುಡಿ ಚಿಕ್ಕದಾದರೂ ಘಟ್ಟದ ಮೇಲಿನ ನಾಡಿಗೂ ಕಡಲ ದಡಕ್ಕೂ ಇದ್ದ ಹಳೆಯ ನಂಟಿಗೆ ಸಾಕ್ಷಿಯಾಗಿ ನಿಂತಿದೆ. ಅದು ರಕ್ಷಿತ ಸ್ಮಾರಕ. ಅದನ್ನು ಕಾಪಾಡಬೇಕೆಂಬ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಅದೇ ನೆಂಟರನ್ನು ಪಣಜಿಯ ಕಾಂಪಾಲಿಗೆ ಕರೆತಂದು, ಮಾಂಡವಿ ನದಿಯ ದಡದಲ್ಲಿರುವ ಕಲಾ ಅಕಾಡೆಮಿಯ ಮುಂದೆ ನಿಲ್ಲಿಸಿ, ಇದೂ ನಮ್ಮ ಪರಂಪರೆಯೇ ಎಂದರೆ ಅವರು ಹುಬ್ಬೇರಿಸುವುದು ಸಹಜ. ಕಾಂಕ್ರೀಟಿನ ಕಟ್ಟಡ, ಕೆತ್ತನೆಯಿಲ್ಲ, ಶಿಖರವಿಲ್ಲ, ವಯಸ್ಸು ಇನ್ನೂ ಅರ್ಧ ಶತಮಾನದ ಆಸುಪಾಸು. ಇದರಲ್ಲಿ ಕಾಪಾಡುವಂಥದ್ದೇನಿದೆ ಎಂಬ ಪ್ರಶ್ನೆ ಏಳುತ್ತದೆ.

ಆ ಪ್ರಶ್ನೆ ಇಂದು ಗೋವೆಯೊಂದರದಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ನಮ್ಮ ದೇಶದಲ್ಲಿ ಎದ್ದ ಆಧುನಿಕ ಕಟ್ಟಡಗಳೆಲ್ಲ ಈಗ ಒಮ್ಮೆಗೇ ಮುಪ್ಪಿಗೆ ಬರುತ್ತಿವೆ. ಕೆಲವು ನೆಲಸಮವಾಗಿವೆ, ಕೆಲವು ಕುಸಿದಿವೆ, ಕೆಲವು ಉಳಿವಿಗಾಗಿ ನ್ಯಾಯಾಲಯದ ಮೆಟ್ಟಿಲೇರಿವೆ. ಸಾಹಿತ್ಯದಲ್ಲಿ ನವ್ಯದ ಕೊಡುಗೆಯೇನು, ಮಿತಿಯೇನು ಎಂಬುದನ್ನು ಕನ್ನಡ ವಿಮರ್ಶೆ ದಶಕಗಳಿಂದ ಚರ್ಚಿಸಿದೆ. ಹೊಸ ಕಾವ್ಯಕ್ಕೆ ‘ನವ್ಯ’ ಎಂಬ ಹೆಸರನ್ನು ವಿ.ಕೃ. ಗೋಕಾಕರು ಬಳಕೆಗೆ ತಂದ ೧೯೫೦ರ ಆಸುಪಾಸಿನಲ್ಲಿಯೇ ನಮ್ಮ ನಗರಗಳಲ್ಲಿ ಇಟ್ಟಿಗೆ, ಕಬ್ಬಿಣ, ಸಿಮೆಂಟುಗಳ ನವ್ಯವೂ ಬೇರೂರುತ್ತಿತ್ತು. ಅದರ ಲೆಕ್ಕವನ್ನು ಮಾತ್ರ ನಾವು ಅಷ್ಟಾಗಿ ತೆಗೆದಿಲ್ಲ. ಆಧುನಿಕ ವಾಸ್ತುಶಿಲ್ಪ ನಮಗೆ ಬಿಟ್ಟುಹೋದ ಆಸ್ತಿ ಎರಡು ಬಗೆಯದು: ಒಂದು ಅದರ ಆಕಾರ, ಇನ್ನೊಂದು ಅದರ ಆಶಯ. ಆಕಾರವನ್ನು ನಾವು ಧಾರಾಳವಾಗಿ ಬಾಚಿಕೊಂಡೆವು. ಎಲ್ಲರಿಗೂ ತೆರೆದ, ನೆಲದ ಬಿಸಿಲು ಮಳೆಗಳನ್ನು ಅರಿತ ಕಟ್ಟಡ ಬೇಕೆಂಬ ಆಶಯವನ್ನು ಕೈಬಿಡುತ್ತಿದ್ದೇವೆ. ಕಲಾ ಅಕಾಡೆಮಿಯ ಚರಿತ್ರೆಯನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಯೂರೋಪಿನಿಂದ ಮೈಸೂರಿಗೆ

ಆಧುನಿಕ ವಾಸ್ತುಶಿಲ್ಪವೆಂದು ನಾವು ಕರೆಯುವ ಚಳವಳಿ ಮೊದಲ ಮಹಾಯುದ್ಧದ ಬೂದಿಯಿಂದ ಎದ್ದುಬಂದುದು. ಜರ್ಮನಿಯ ವೈಮರ್ ನಗರದಲ್ಲಿ ೧೯೧೯ರಲ್ಲಿ ವಾಲ್ಟರ್ ಗ್ರೋಪಿಯಸ್ ಸ್ಥಾಪಿಸಿದ ಬೌಹೌಸ್ ಶಾಲೆ ಅದರ ಒಂದು ತವರು; ಫ್ರಾನ್ಸಿನಲ್ಲಿ ನೆಲೆಸಿದ್ದ ಲೆ ಕಾರ್ಬೂಸಿಯರ್ ಅದರ ಪ್ರಬಲ ವಕ್ತಾರ. ಅರಮನೆ, ಇಗರ್ಜಿಗಳ ಅಲಂಕಾರವನ್ನು ಮನೆ ಶಾಲೆಗಳ ಮೇಲೆ ಅಂಟಿಸುವುದು ಸುಳ್ಳು ಎಂದು ಅವರು ನಂಬಿದರು. ಕಟ್ಟಡ ತನ್ನ ಕೆಲಸವನ್ನು ಚೆನ್ನಾಗಿ ಮಾಡಬೇಕು, ತನ್ನ ಸಾಮಗ್ರಿಯನ್ನು ಮುಚ್ಚಿಡಬಾರದು, ಬಡವನ ಮನೆಗೂ ಗಾಳಿ ಬೆಳಕುಗಳು ಸಲ್ಲಬೇಕು ಎಂಬುದು ಅವರ ವಾದ. ಉಕ್ಕಿನ ಸರಳುಗಳನ್ನು ಹುದುಗಿಸಿದ ಕಾಂಕ್ರೀಟು ಈ ವಾದಕ್ಕೆ ಬಲ ತಂದಿತು. ಗೋಡೆ ಭಾರ ಹೊರುವ ಕೆಲಸದಿಂದ ಬಿಡುಗಡೆ ಪಡೆಯಿತು. ಕಂಬಗಳ ಮೇಲೆ ಚಪ್ಪಟೆ ಚಾವಣಿ ನಿಂತಿತು. ಕಿಟಕಿ ಗೋಡೆಯುದ್ದಕ್ಕೂ ಹಬ್ಬಬಹುದಾಯಿತು. ನಾಜಿಗಳ ಒತ್ತಡದಿಂದ ಬೌಹೌಸ್ ೧೯೩೩ರಲ್ಲಿ ಮುಚ್ಚಿದಾಗ ಅದರ ವಿಚಾರಗಳು ವಲಸೆಗಾರರ ಜೊತೆಗೆ ಲೋಕವೆಲ್ಲ ಹರಡಿದವು.

ಅಂಥ ಒಬ್ಬ ವಲಸೆಗಾರ ಕನ್ನಡನಾಡಿಗೂ ಬಂದನು. ಬರ್ಲಿನ್ನಿನಲ್ಲಿ ಹುಟ್ಟಿ, ಹಿಟ್ಲರನ ಆಳ್ವಿಕೆಯಿಂದ ತಪ್ಪಿಸಿಕೊಂಡು, ಈಜಿಪ್ಟಿನ ಮೂಲಕ ೧೯೩೯ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಓಟೊ ಕೋನಿಗ್ಸ್‌ಬರ್ಗರ್ ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಸರ್ಕಾರಿ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು, ಬಸವನಗುಡಿಯ ಕೃಷ್ಣರಾವ್ ಮಂಟಪ ಅವರ ಕೈಯವು. ಯೂರೋಪಿನ ಪಾಠವನ್ನು ಕಂಠಪಾಠ ಒಪ್ಪಿಸಿದರೆ ಇಲ್ಲಿ ಸಾಗದೆಂಬುದನ್ನು ಅವರು ಬೇಗ ಅರಿತರು. ಬರ್ಲಿನ್ನಿನಲ್ಲಿ ಬಿಸಿಲನ್ನು ಒಳಗೆ ಕರೆಯಬೇಕು, ಇಲ್ಲಿ ಅದನ್ನು ಹೊರಗೆ ತಡೆಯಬೇಕು. ಹೀಗಾಗಿ ಅವರ ಕೆಲಸದಲ್ಲಿ ಕಿಟಕಿಯ ಮೇಲಿನ ಉದ್ದನೆಯ ಬಿಸಿಲುತಡೆ, ಎದುರುಬದುರಿನ ಗಾಳಿಗಂಡಿ, ನೆರಳಿನ ಮೊಗಸಾಲೆ ಮುಖ್ಯವಾದವು. ೧೯೪೮ರಲ್ಲಿ ಅವರು ಒಡಿಶಾದ ಹೊಸ ರಾಜಧಾನಿ ಭುವನೇಶ್ವರಕ್ಕೆ ನಕ್ಷೆ ರಚಿಸಿದರು. ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುವನ್ನು ಬೋಧಿಸುವ ವಿಭಾಗದ ಮುಖ್ಯಸ್ಥರಾಗಿ ಹಲವು ದೇಶಗಳ ತರುಣರನ್ನು ತಯಾರು ಮಾಡಿದರು. ಆ ಪಾಠದ ಒಂದು ಭಾಗ ಬೆಂಗಳೂರಿನ ಬಿಸಿಲು ಮಳೆಗಳಲ್ಲಿ ಕಲಿತದ್ದು. ಭಾರತದ ಆಧುನಿಕ ವಾಸ್ತುವಿನ ಕಥೆಯನ್ನು ಚಂಡೀಗಢದಿಂದ ಆರಂಭಿಸುವುದು ವಾಡಿಕೆ. ಮೈಸೂರು ಸಂಸ್ಥಾನದ ಈ ಅಧ್ಯಾಯ ಅದಕ್ಕಿಂತ ಹನ್ನೆರಡು ವರ್ಷ ಹಳೆಯದೆಂಬುದನ್ನು ಕನ್ನಡಿಗರು ಮರೆಯಬಾರದು.

ಚಂಡೀಗಢಕ್ಕೆ ಲೆ ಕಾರ್ಬೂಸಿಯರ್ ಬಂದದ್ದು ೧೯೫೧ರಲ್ಲಿ. ದೇಶ ಇಬ್ಭಾಗವಾಗಿ ಲಾಹೋರನ್ನು ಕಳೆದುಕೊಂಡ ಪಂಜಾಬಿಗೆ ಹೊಸ ರಾಜಧಾನಿ ಬೇಕಿತ್ತು. ಪ್ರಧಾನಿ ನೆಹರೂ ಅವರಿಗೆ ಗತಕಾಲದ ಹೊರೆಯಿಲ್ಲದ ಊರು ಬೇಕಿತ್ತು. ಅಲ್ಲಿನ ಶಾಸನಸಭೆ, ಸಚಿವಾಲಯ, ಉಚ್ಚ ನ್ಯಾಯಾಲಯಗಳ ಸಮುಚ್ಚಯ ೨೦೧೬ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಊರಿನ ಛಾಯಾಚಿತ್ರಗಳಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ಯಂತ್ರಯುಗದ ವಾಸ್ತು ಎಂದು ಹೊಗಳಿಸಿಕೊಂಡ ಆ ಕಟ್ಟಡಗಳನ್ನು ಎತ್ತಿ ನಿಲ್ಲಿಸಿದ್ದು ಯಂತ್ರಗಳಿಗಿಂತ ಹೆಚ್ಚಾಗಿ ಮನುಷ್ಯರ ಕೈ. ಸೆರಗು ಕಟ್ಟಿ, ತಲೆಯ ಮೇಲೆ ಬುಟ್ಟಿ ಹೊತ್ತು, ಇಳಿಜಾರಿನ ಹಲಗೆಯ ಮೇಲೆ ಸಾಲಾಗಿ ಹತ್ತುವ ಹೆಂಗಸರು ಕಲಸಿದ ಕಾಂಕ್ರೀಟನ್ನು ಮೇಲಕ್ಕೆ ಸಾಗಿಸಿದರು. ಬಡಗಿಗಳು ಹೊಡೆದ ಹಲಗೆಯ ಅಚ್ಚುಗಳ ಗೆರೆಗಳು ಆ ಗೋಡೆಗಳಲ್ಲಿ ಇಂದಿಗೂ ಇವೆ.

ಗೋವೆಯಲ್ಲೊಂದು ತೆರೆದ ಮನೆ

೧೯೬೧ರ ಡಿಸೆಂಬರ್ ೧೯ರಂದು ಗೋವೆ ಪೋರ್ಚುಗೀಸರ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. ರಸ್ತೆ, ಶಾಲೆ, ಬಂದರು, ವಸತಿ ಎಲ್ಲವೂ ಒಮ್ಮೆಗೇ ಬೇಕಾದವು. ಆ ಬೆಳವಣಿಗೆಯ ಹಿಂದೆ ಘಟ್ಟ ಇಳಿದು ಬಂದ ಕೈಗಳಿವೆ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿಗಳ ಬರದ ಹೊಲಗಳನ್ನು ಬಿಟ್ಟು ಬಂದವರು ಗೋವೆಯ ಗಾರೆ ಕೆಲಸ, ಸೆಂಟ್ರಿಂಗ್ ಕೆಲಸ, ಸರಳು ಕಟ್ಟುವ ಕೆಲಸಗಳಲ್ಲಿ ತೊಡಗಿಕೊಂಡರು. ಇಂದು ಗೋವೆಯ ಕನ್ನಡ ಸಂಘಗಳ ಸಭೆಗಳಲ್ಲಿ ಕುಳಿತುಕೊಳ್ಳುವ ಎಷ್ಟೋ ಕುಟುಂಬಗಳ ಮೊದಲ ತಲೆಮಾರು ಆ ತಾರಸಿಗಳ ಮೇಲೆ ದುಡಿದದ್ದು. ಯಾವ ಶಿಲಾನ್ಯಾಸದ ಫಲಕದಲ್ಲಿಯೂ ಅವರ ಹೆಸರಿಲ್ಲ.

ಬಿಡುಗಡೆಯ ನಂತರದ ಗೋವೆ ತನ್ನ ಸಂಗೀತ, ನಾಟಕ, ಚಿತ್ರಕಲೆಗಳಿಗೆಂದು ೧೯೭೦ರಲ್ಲಿ ಕಲಾ ಅಕಾಡೆಮಿಯನ್ನು ಸ್ಥಾಪಿಸಿತು. ಅದಕ್ಕೊಂದು ನೆಲೆ ಕಲ್ಪಿಸುವ ಹೊಣೆ ಚಾರ್ಲ್ಸ್ ಕೊರಿಯಾ ಅವರದಾಯಿತು. ೧೯೩೦ರಲ್ಲಿ ಸಿಕಂದರಾಬಾದಿನಲ್ಲಿ ಹುಟ್ಟಿದ ಕೊರಿಯಾ ಗೋವೆಯ ಮೂಲದ ಕುಟುಂಬದವರು. ಅಮೆರಿಕದಲ್ಲಿ ವಾಸ್ತುಶಿಲ್ಪ ಕಲಿತು ಮುಂಬಯಿಗೆ ಮರಳಿ, ಸಬರಮತಿ ಆಶ್ರಮದ ಗಾಂಧಿ ಸ್ಮಾರಕ ಸಂಗ್ರಹಾಲಯದಿಂದ ಹೆಸರಾದರು. ೧೯೬೩ರಲ್ಲಿ ಉದ್ಘಾಟನೆಯಾದ ಆ ಸಂಗ್ರಹಾಲಯದಲ್ಲಿ ಇಟ್ಟಿಗೆಯ ಕಂಬಗಳ ಮೇಲೆ ಹೆಂಚಿನ ಮಾಡುಗಳು ಕೂತಿವೆ, ಗಾಜಿನ ಕಿಟಕಿಗಳಿಲ್ಲ, ಕೆಲವು ಚೌಕಗಳನ್ನು ಆಕಾಶಕ್ಕೆ ತೆರೆದು ಬಿಡಲಾಗಿದೆ. ಬಿಸಿ ನಾಡಿನಲ್ಲಿ ಜನ ಬೆಳಗಿನ ಜಾವ ಅಂಗಳದಲ್ಲಿ, ಮಧ್ಯಾಹ್ನ ನಡುಮನೆಯಲ್ಲಿ, ರಾತ್ರಿ ಮಾಳಿಗೆಯ ಮೇಲೆ ಬದುಕುತ್ತಾರೆ. ಆದ್ದರಿಂದ ಆಕಾಶವೂ ಮನೆಯ ಒಂದು ಕೋಣೆ ಎಂಬುದು ಅವರ ಕೆಲಸದ ತಿರುಳು. ವಿಜಯಪುರದ ಕಡೆಯ ಮಾಳಿಗೆಮನೆಯಲ್ಲಿ ಬೆಳೆದವರಿಗೆ, ಮಲೆನಾಡಿನ ತೊಟ್ಟಿಮನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ವಿಶ್ವೇಶ್ವರಯ್ಯ ಕೇಂದ್ರ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಗಳೂ ಇದೇ ಶಿಲ್ಪಿಯ ವಿನ್ಯಾಸಗಳು.

೧೯೭೦ರ ದಶಕದಲ್ಲಿ ಆರಂಭವಾಗಿ ೧೯೮೩ರ ಹೊತ್ತಿಗೆ ಪೂರ್ಣಗೊಂಡ ಕಲಾ ಅಕಾಡೆಮಿಯಲ್ಲಿ ಈ ತಿರುಳು ಇನ್ನಷ್ಟು ಬೆಳೆಯಿತು. ಮುಖ್ಯ ರಂಗಮಂದಿರಕ್ಕೆ ಗೋವೆಯ ನೆಲದ ಮಗ ದೀನಾನಾಥ ಮಂಗೇಶ್ಕರರ ಹೆಸರು. ಜೊತೆಗೆ ಬಯಲು ರಂಗಮಂದಿರ, ಸಣ್ಣ ಪ್ರಯೋಗಶಾಲೆಯಂಥ ರಂಗಸ್ಥಳ, ಕಲಾ ಗ್ಯಾಲರಿ, ಸಂಗೀತ ಪಾಠದ ಕೋಣೆಗಳು. ಗೋವೆಯ ಜನಜೀವನವನ್ನು ಗೆರೆಗಳಲ್ಲಿ ಹಿಡಿದ ಮಾರಿಯೊ ಮಿರಾಂಡಾ ಅವರ ಚಿತ್ರಗಳು ಗೋಡೆಗಳ ಮೇಲೆ. ಇವೆಲ್ಲ ಯಾವ ದೊಡ್ಡ ಸಭಾಭವನದಲ್ಲಿಯೂ ಇರಬಹುದಾದವು. ಇಲ್ಲಿನ ವಿಶೇಷ ಇರುವುದು ಇವುಗಳ ನಡುವಿನ ಖಾಲಿ ಜಾಗದಲ್ಲಿ. ಕಟ್ಟಡ ರಸ್ತೆಗೆ ಬೆನ್ನು ಹಾಕಿಲ್ಲ, ಎತ್ತರ ನಿಂತು ಗದರಿಸುವುದೂ ಇಲ್ಲ. ಎದುರಿನ ಜಾಲರಿ ಚಪ್ಪರದ ನೆರಳಿನಲ್ಲಿ ಒಳಗೆ ಕಾಲಿಟ್ಟರೆ ಮೇಲೆ ಚಾವಣಿಯಿದ್ದು ಪಕ್ಕಗಳು ತೆರೆದ ವಿಶಾಲವಾದ ಪಡಸಾಲೆ ಸಿಗುತ್ತದೆ. ಒಂದು ಬದಿಯಲ್ಲಿ ಮುಚ್ಚಿದ ರಂಗಮಂದಿರ, ಇನ್ನೊಂದು ಬದಿಯಲ್ಲಿ ಬಯಲು ರಂಗಮಂದಿರ. ನಡುವೆ ಹಾದು ನೇರ ಮಾಂಡವಿಯ ದಡಕ್ಕೆ ಹೋಗಬಹುದು. ಅದಕ್ಕೆ ಚೀಟಿ ಬೇಕಿಲ್ಲ. ನಾಟಕ ನೋಡಲು ಬಂದವರು, ತಬಲಾ ಕಲಿಯಲು ಬಂದ ಹುಡುಗರು, ಹೊಳೆಗಾಳಿಗೆ ಬಂದ ಮುದುಕರು ಅಲ್ಲಿ ಒಂದೇ ನೆರಳಿನಲ್ಲಿ ಕೂರಬಹುದು.

ಕನ್ನಡದ ಊರುಗಳಲ್ಲಿ ಅರಳಿಕಟ್ಟೆ, ಗುಡಿಯ ಮುಂದಿನ ಪೌಳಿ, ಮನೆಯ ಮುಂದಿನ ಜಗಲಿ ಮಾಡುವ ಕೆಲಸವನ್ನು, ಗೋವೆಯ ಹಳೆಯ ಮನೆಗಳಲ್ಲಿ ಬೀದಿಗೆ ಮುಖ ಮಾಡಿ ಕೂರಲು ಆಸನಗಳಿರುವ ‘ಬಲ್ಕಾಂವ್’ ಮಾಡುವ ಕೆಲಸವನ್ನು ಈ ಪಡಸಾಲೆ ಮಾಡಿತು. ಬಲ್ಕಾಂವ್ ಮನೆಗೆ ಸೇರಿದ್ದು, ಆದರೆ ದಾರಿಹೋಕನೊಡನೆ ಮಾತನಾಡಲೆಂದೇ ಇರುವುದು. ಕೊರಿಯಾ ಅದರ ರೂಪವನ್ನು ನಕಲು ಮಾಡಲಿಲ್ಲ. ಅದರ ನಡತೆಯನ್ನು ಕಾಂಕ್ರೀಟಿಗೆ ಕಲಿಸಿದರು. ಆಧುನಿಕ ವಾಸ್ತು ನಮ್ಮ ನೆಲದಲ್ಲಿ ಬೇರುಬಿಟ್ಟಾಗ ಆದದ್ದು ಇಂಥ ಬದಲಾವಣೆ. ಬಿ.ವಿ. ದೋಶಿಯವರು ೧೯೭೭ರಲ್ಲಿ ಕೈಗೆತ್ತಿಕೊಂಡ ಬೆಂಗಳೂರಿನ ಐಐಎಂ ಆವರಣವನ್ನು ಇಲ್ಲಿ ನೆನೆಯಬಹುದು. ಪ್ಯಾರಿಸ್ಸಿನಲ್ಲಿ ಲೆ ಕಾರ್ಬೂಸಿಯರ್ ಬಳಿ ದುಡಿದ ದೋಶಿ ಬನ್ನೇರುಘಟ್ಟ ರಸ್ತೆಯಲ್ಲಿ ಕಟ್ಟುವಾಗ ಬೂದುಬಣ್ಣದ ಸ್ಥಳೀಯ ಕಗ್ಗಲ್ಲನ್ನು ಆರಿಸಿಕೊಂಡರು. ಮನಸ್ಸಿನ ಮುಂದೆ ಫತೇಪುರ್ ಸಿಕ್ರಿಯ ಅಂಗಳಗಳನ್ನೂ ಮದುರೆಯ ದೇಗುಲದ ಪ್ರಾಕಾರಗಳನ್ನೂ ಇಟ್ಟುಕೊಂಡರು. ಅಲ್ಲಿನ ಉದ್ದನೆಯ ಮೊಗಸಾಲೆಗಳಲ್ಲಿ ನೆರಳು ಬೆಳಕುಗಳ ಜೊತೆಗೆ ಬಳ್ಳಿಗಳೂ ಕಟ್ಟಡದ ಭಾಗವಾದವು. ೨೦೧೮ರಲ್ಲಿ ದೋಶಿಯವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ, ಆ ಗೌರವ ಪಡೆದ ಮೊದಲ ಭಾರತೀಯರು ಅವರು.

ಕಾಂಕ್ರೀಟಿನ ಮುಪ್ಪು

ಈ ಕಥೆಯಲ್ಲಿ ಹೊಗಳಿಕೆಯಷ್ಟೇ ಇದ್ದರೆ ಅದು ಚರಿತ್ರೆಯಾಗದು. ಆಧುನಿಕ ವಾಸ್ತು ತನ್ನ ಸಾಮಗ್ರಿಯ ಬಗ್ಗೆ ಅತಿಯಾದ ವಿಶ್ವಾಸ ಇಟ್ಟಿತ್ತು. ಕಾಂಕ್ರೀಟು ಕಲ್ಲಿನಂತೆ ಶಾಶ್ವತವೆಂಬ ನಂಬಿಕೆ ಜನಸಾಮಾನ್ಯರಲ್ಲಿಯೂ ಬೇರೂರಿತು. ವಾಸ್ತವದಲ್ಲಿ ಅದು ಕಲ್ಲಲ್ಲ, ಕಲ್ಲಿನೊಳಗೆ ಬಚ್ಚಿಟ್ಟ ಕಬ್ಬಿಣ. ಹೊಸ ಸಿಮೆಂಟಿನಲ್ಲಿರುವ ಕ್ಷಾರಗುಣ ಸರಳಿನ ಸುತ್ತ ತೆಳುವಾದ ರಕ್ಷಾಪದರವನ್ನು ಕಟ್ಟುತ್ತದೆ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಆ ಕ್ಷಾರಗುಣವನ್ನು ತಗ್ಗಿಸುತ್ತದೆ. ಕಡಲ ಗಾಳಿಯಲ್ಲಿರುವ ಉಪ್ಪು ಆ ಪದರವನ್ನು ಇನ್ನೂ ಬೇಗ ಒಡೆಯುತ್ತದೆ. ಬಳಿಕ ಸರಳು ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಒಳಗಿನಿಂದ ಒತ್ತಿ ಹೊರಗಿನ ಹೊದಿಕೆಯನ್ನು ಸಿಡಿಸುತ್ತದೆ. ಸಿಡಿದ ಬಿರುಕಿನಲ್ಲಿ ನೀರು ಇಳಿದರೆ ಮುಪ್ಪು ಇಮ್ಮಡಿ ವೇಗದಲ್ಲಿ ಬರುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಪಣಜಿಯಲ್ಲಿ, ಉಪ್ಪುಗಾಳಿ ಬೀಸುವ ಹೊಳೆಯ ಬಾಯಲ್ಲಿ, ಚಪ್ಪಟೆ ಚಾವಣಿಯ ಕಟ್ಟಡಕ್ಕೆ ಇದು ದಿನನಿತ್ಯದ ಪರೀಕ್ಷೆ. ಕರಾವಳಿಯ ಹಳೆಯ ಮನೆಗಳು ಇಳಿಜಾರು ಮಾಡಿಗೆ, ಅಗಲವಾದ ಸೂರಿಗೆ ಅಂಟಿಕೊಂಡದ್ದು ಹಳೆಯದರ ಮೇಲಿನ ಬರಿಯ ಮೋಹದಿಂದಲ್ಲ. ಸೂರನ್ನು ಅನಗತ್ಯವೆಂದು ತೆಗೆದುಹಾಕಿದ ಕಡೆಯಲ್ಲೆಲ್ಲ ಆಧುನಿಕ ವಾಸ್ತು ಸೋರಿದೆ. ಈ ದೋಷವನ್ನು ಒಪ್ಪಿಕೊಳ್ಳಲೇಬೇಕು.

ಆದರೆ ಮುಪ್ಪು ಬಂದ ಮಾತ್ರಕ್ಕೆ ಸಾವು ಬರಬೇಕೆಂದಿಲ್ಲ. ಹೆಂಚಿನ ಮನೆಗೆ ಪ್ರತಿ ಬೇಸಿಗೆಯಲ್ಲಿ ಕೈಯಾಡಿಸುವುದು, ಒಡೆದ ಹೆಂಚು ಬದಲಿಸುವುದು, ಮಣ್ಣಿನ ಮಾಳಿಗೆಗೆ ಮಳೆಗೆ ಮುಂಚೆ ಹೊಸ ಮಣ್ಣು ಹಾಕಿ ತುಳಿಯುವುದು ನಮ್ಮ ಹಿರಿಯರ ವರ್ಷದ ಕೆಲಸಗಳಲ್ಲಿ ಸೇರಿತ್ತು. ಕಾಂಕ್ರೀಟಿಗೆ ಅಂಥ ಉಪಚಾರ ಬೇಕಿಲ್ಲವೆಂದು ಭಾವಿಸಿದೆವು. ಸರ್ಕಾರಿ ಕಟ್ಟಡ ಕಟ್ಟಲು ಹಣ ದೊರೆಯುತ್ತದೆ, ಉದ್ಘಾಟನೆಗೆ ಗಣ್ಯರು ದೊರೆಯುತ್ತಾರೆ. ಮೂವತ್ತನೆಯ ವರ್ಷದ ದುರಸ್ತಿಗೆ ಎರಡೂ ದೊರೆಯುವುದಿಲ್ಲ.

ಕಲಾ ಅಕಾಡೆಮಿಯ ಪಾಡು ಇದೇ ಆಯಿತು. ಸೋರುವ ಚಾವಣಿ, ಸಿಡಿಯುವ ಹೊದಿಕೆಗಳು ವರ್ಷಗಳಿಂದ ಕಾಣುತ್ತಿದ್ದವು. ೨೦೧೯ರಲ್ಲಿ ಬಯಲು ರಂಗಮಂದಿರವನ್ನು ಕೆಡಹುವ ಮಾತು ಸರ್ಕಾರದ ಮಟ್ಟದಲ್ಲಿ ಕೇಳಿಬಂದಾಗ ಕಲಾವಿದರು, ವಾಸ್ತುಶಿಲ್ಪಿಗಳು, ನಾಗರಿಕರು ಎದ್ದು ನಿಂತರು. ವಿಷಯ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಕೆಡಹುವ ಬದಲು ದುರಸ್ತಿ ಮಾಡುವುದೆಂದಾಗಿ, ೨೦೨೧ರಿಂದ ಕಟ್ಟಡ ಸಾರ್ವಜನಿಕರಿಗೆ ಮುಚ್ಚಿತು. ದುರಸ್ತಿ ನಡೆಯುತ್ತಿದ್ದಾಗಲೇ, ೨೦೨೩ರ ಜುಲೈ ತಿಂಗಳಲ್ಲಿ, ಬಯಲು ರಂಗಮಂದಿರದ ವೇದಿಕೆಯ ಮೇಲಿನ ಚಾವಣಿ ಕುಸಿದುಬಿತ್ತು. ಅಂದು ಅಲ್ಲಿ ಯಾರೂ ಇರಲಿಲ್ಲವೆಂಬುದು ಪುಣ್ಯ. ಅದೇ ವರ್ಷದ ನವೆಂಬರಿನಲ್ಲಿ ಕಟ್ಟಡ ಮತ್ತೆ ತೆರೆಯಿತು. ಕೆಲಸದ ಗುಣಮಟ್ಟದ ಬಗ್ಗೆ, ಧ್ವನಿ ಬೆಳಕಿನ ವ್ಯವಸ್ಥೆಯ ಬಗ್ಗೆ ರಂಗಕರ್ಮಿಗಳ ಅಸಮಾಧಾನ ಆಮೇಲೂ ಮುಂದುವರಿಯಿತು. ೨೦೧೫ರಲ್ಲಿ ತೀರಿಕೊಂಡ ಕೊರಿಯಾ ಇದನ್ನು ನೋಡಲಿಲ್ಲ. ಅವರ ಸಾವಿರಾರು ರೇಖಾಚಿತ್ರಗಳು ಲಂಡನ್ನಿನ ವಾಸ್ತುಶಿಲ್ಪ ಸಂಸ್ಥೆಯೊಂದರ ಸಂಗ್ರಹದಲ್ಲಿ ಜೋಪಾನವಾಗಿವೆ. ಮಾಂಡವಿಯ ದಡದ ಕಟ್ಟಡಕ್ಕೆ ಅಂಥ ಜೋಪಾನ ದೊರೆಯಲಿಲ್ಲ.

ದೆಹಲಿಯಲ್ಲಿ ನಡೆದದ್ದು ಇನ್ನೂ ಕಠೋರ. ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷವಾದ ೧೯೭೨ರಲ್ಲಿ ಪ್ರಗತಿ ಮೈದಾನದಲ್ಲಿ ಎದ್ದ ಹಾಲ್ ಆಫ್ ನೇಷನ್ಸ್ ವಾಸ್ತುಶಿಲ್ಪಿ ರಾಜ್ ರೆವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ ಅವರ ಜೋಡಿ ಕೃತಿ. ನಡುವೆ ಕಂಬಗಳಿಲ್ಲದ ಅಂಥ ಜಾಲಂದ್ರದ ಚಾವಣಿಯನ್ನು ಉಳಿದ ದೇಶಗಳಲ್ಲಿ ಉಕ್ಕಿನಿಂದ ಕಟ್ಟುತ್ತಿದ್ದರು. ಉಕ್ಕು ದುಬಾರಿಯಾಗಿದ್ದ, ಕೂಲಿ ಕೈಗಳು ಹೇರಳವಾಗಿದ್ದ ನಮ್ಮಲ್ಲಿ ಅದನ್ನು ಕಾಂಕ್ರೀಟಿನಲ್ಲಿ, ಸ್ಥಳದಲ್ಲಿಯೇ ಎರಕ ಹೊಯ್ದು, ಕೈಯಿಂದ ಕಟ್ಟಿದರು. ೨೦೧೭ರ ಏಪ್ರಿಲ್ ತಿಂಗಳ ಒಂದು ರಾತ್ರಿ ಅದನ್ನು ನೆಲಸಮ ಮಾಡಲಾಯಿತು. ಅರವತ್ತು ವರ್ಷ ತುಂಬದ ಕಟ್ಟಡ ಪರಂಪರೆಯ ಪಟ್ಟಿಗೆ ಸಲ್ಲದೆಂಬ ತೀರ್ಮಾನ ಅದಕ್ಕೆ ಮೊದಲೇ ಹೊರಬಿದ್ದಿತ್ತು. ಅಹಮದಾಬಾದಿನ ಐಐಎಂನಲ್ಲಿ ಲೂಯಿ ಕಾನ್ ಕಟ್ಟಿದ ಇಟ್ಟಿಗೆಯ ವಿದ್ಯಾರ್ಥಿನಿಲಯಗಳಲ್ಲಿ ಹದಿನಾಲ್ಕನ್ನು ಕೆಡಹುವ ಪ್ರಸ್ತಾಪ ೨೦೨೦ರ ಕೊನೆಯಲ್ಲಿ ಬಂದು, ಲೋಕದಾದ್ಯಂತದ ವಿರೋಧದಿಂದ ಹೊಸ ವರ್ಷದ ಮೊದಲ ದಿನವೇ ಹಿಂತೆಗೆದುಕೊಳ್ಳಲ್ಪಟ್ಟಿತು. ಆದರೆ ಆ ಕಟ್ಟಡಗಳ ಭವಿಷ್ಯದ ಪ್ರಶ್ನೆ ೨೦೨೨ರಲ್ಲಿ ಮತ್ತೆ ತಲೆಯೆತ್ತಿತು. ದೇಶದ ಪ್ರಾಚೀನ ಸ್ಮಾರಕಗಳ ೧೯೫೮ರ ಕಾಯ್ದೆ ನೂರು ವರ್ಷಕ್ಕೆ ಕಡಿಮೆಯಿಲ್ಲದ್ದನ್ನು ಮಾತ್ರ ಸ್ಮಾರಕವೆಂದು ಎಣಿಸುತ್ತದೆ. ನೂರು ವರ್ಷ ಬಾಳಿದರೆ ರಕ್ಷಣೆ; ಆದರೆ ರಕ್ಷಣೆಯಿಲ್ಲದೆ ನೂರು ವರ್ಷ ಬಾಳುವುದು ಹೇಗೆ? ಸ್ವತಂತ್ರ ಭಾರತ ತನ್ನ ಕೈಯಾರೆ ಕಟ್ಟಿದ ಒಂದೇ ಒಂದು ಕಟ್ಟಡಕ್ಕೂ ಇನ್ನೂ ಆ ವಯಸ್ಸಾಗಿಲ್ಲ.

ಆಕಾರದ ವಾರಸುದಾರರು, ಆಶಯದ ವಾರಸುದಾರರು

ಈಗ ನಮ್ಮ ಸುತ್ತ ಏಳುತ್ತಿರುವ ಕಟ್ಟಡಗಳನ್ನು ನೋಡೋಣ. ಕಂಬ, ಚಪ್ಪಡಿ, ಚೌಕಟ್ಟು ಎಲ್ಲವೂ ಆಧುನಿಕ ವಾಸ್ತುವಿನಿಂದ ಬಂದವು. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಗಳು ಪಡುವಣ ಬಿಸಿಲಿಗೆ ಗಾಜಿನ ಗೋಡೆಯೊಡ್ಡಿ, ಒಳನುಗ್ಗಿದ ಶಾಖವನ್ನು ಯಂತ್ರಗಳಿಂದ ಹೊರದೂಡುತ್ತವೆ. ಹೊರದೂಡಿದ ಶಾಖ ಬೀದಿಯಲ್ಲಿ ನಡೆಯುವವನ ಪಾಲಾಗುತ್ತದೆ. ಕೋನಿಗ್ಸ್‌ಬರ್ಗರ್ ಎಂಬತ್ತು ವರ್ಷಗಳ ಹಿಂದೆ ಅದೇ ಊರಿನಲ್ಲಿ ಕಿಟಕಿಗೆ ಕೊಟ್ಟ ನೆರಳಿನ ಪಾಠ ಅವುಗಳಿಗೆ ತಲುಪಿಲ್ಲ. ಗೋವೆಯಲ್ಲಿ ಇನ್ನೊಂದು ಬಗೆಯ ವಂಚನೆ ನಡೆದಿದೆ. ಕಾಂಕ್ರೀಟಿನ ಪೆಟ್ಟಿಗೆಗೆ ಪೋರ್ಚುಗೀಸ್ ಕಮಾನು, ಬಣ್ಣದ ಅಂಚು, ಹೆಂಚಿನ ತೋರಿಕೆಯ ಅಂಚುಮಾಡು ಅಂಟಿಸಿ ಹಳೆಯ ಗೋವೆ ಎಂದು ಮಾರುತ್ತಾರೆ. ಅಲ್ಲಿ ಬಲ್ಕಾಂವ್ ಇರುತ್ತದೆ, ಆದರೆ ಎತ್ತರದ ಆವರಣಗೋಡೆಯ ಒಳಗೆ. ದಾರಿಹೋಕನೊಡನೆ ಮಾತಿಲ್ಲದ ಬಲ್ಕಾಂವ್. ಅಲಂಕಾರವನ್ನು ಅಂಟಿಸುವುದು ಸುಳ್ಳೆಂದು ಹೇಳಿ ಹುಟ್ಟಿದ ಚಳವಳಿಯ ತಂತ್ರವನ್ನೇ ಬಳಸಿ ನಾವು ಆ ಸುಳ್ಳಿಗೆ ಮರಳಿದ್ದೇವೆ.

ಆಶಯದ ವಾರಸುದಾರರೂ ಇಲ್ಲದಿಲ್ಲ. ಗಡಿನಾಡಿನ ಕಾಸರಗೋಡಿನವರಿಗೆ ಪರಿಚಿತವಾದ ಕೇರಳದಲ್ಲಿ, ಇಂಗ್ಲೆಂಡಿನಲ್ಲಿ ಹುಟ್ಟಿ ಭಾರತೀಯರೇ ಆದ ಲಾರಿ ಬೇಕರ್ ಆಧುನಿಕ ವಾಸ್ತುವಿನ ಹಮ್ಮನ್ನು ಹಾಸ್ಯ ಮಾಡುತ್ತಲೇ ಅದರ ಪ್ರಾಮಾಣಿಕತೆಯನ್ನು ಮುಂದುವರಿಸಿದರು. ಇಟ್ಟಿಗೆಗೆ ಗಿಲಾವು ಬೇಡ, ಇಟ್ಟಿಗೆಗಳ ನಡುವೆ ಟೊಳ್ಳು ಬಿಟ್ಟು ಜೋಡಿಸಿದರೆ ಸಾಮಗ್ರಿಯೂ ಉಳಿಯುತ್ತದೆ, ಶಾಖವೂ ತಗ್ಗುತ್ತದೆ, ಕಿಟಕಿಯ ಬದಲು ಜಾಲಂದ್ರ ಸಾಕು ಎಂದು ಕಟ್ಟಿ ತೋರಿಸಿದರು. ಅವರ ಬಳಿ ಕಲಿತ ಗೋವೆಯ ಗೆರಾರ್ಡ್ ಡಾ ಕುನ್ಹಾ ಕೆಂಪು ಮುರಕಲ್ಲಿನಲ್ಲಿ ಗೋವೆಯ ಮನೆಗಳ ಸಂಗ್ರಹಾಲಯ ಕಟ್ಟಿದರು. ಬೆಂಗಳೂರಿನ ಬಳಿ ಹೆಸರಘಟ್ಟದ ನೃತ್ಯಗ್ರಾಮವನ್ನೂ, ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಕಾರ್ಖಾನೆಯ ವಸತಿನಗರವನ್ನೂ ವಿನ್ಯಾಸ ಮಾಡಿದರು. ನೃತ್ಯಗ್ರಾಮದ ಕಲ್ಲು ಮಣ್ಣುಗಳ ಗೋಡೆ ನೋಡಿದವರಿಗೆ ಅದು ಆಧುನಿಕವೋ ಹಳ್ಳಿಯದೋ ಎಂಬ ಪ್ರಶ್ನೆ ಏಳದು. ಅಲ್ಲಿ ನೆರಳಿದೆ, ಗಾಳಿಯಿದೆ, ಕೈಕೆಲಸದ ಗುರುತಿದೆ. ಚಂಡೀಗಢದ ಹಲಗೆಯಚ್ಚಿನ ಗೆರೆಗೂ ಹೆಸರಘಟ್ಟದ ಕಲ್ಲಿನ ಸಂದಿಗೂ ನಡುವೆ ಇರುವ ನಂಟು ಆಕಾರದ್ದಲ್ಲ. ಕಟ್ಟಿದ ಕೈಯನ್ನು ಮುಚ್ಚಿಡದಿರುವ ಗುಣ ಎರಡಕ್ಕೂ ಸಮಾನ.

ನಮ್ಮ ಹೊಣೆ

ಈ ವಿಚಾರ ಒಂದು ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಹೇಗೆ ಸಲ್ಲುತ್ತದೆಂದು ಓದುಗರು ಕೇಳಬಹುದು. ಗಡಿಯಾಚೆಯ ಕನ್ನಡ ಸಂಘಗಳೆಲ್ಲವೂ ಒಂದಲ್ಲ ಒಂದು ಕಾಲಕ್ಕೆ ತಮ್ಮದೇ ಒಂದು ಭವನದ ಕನಸು ಕಾಣುತ್ತವೆ. ಶಾಲೆಯ ಕೋಣೆಯಲ್ಲಿ, ಬಾಡಿಗೆಯ ಸಭಾಗೃಹದಲ್ಲಿ ರಾಜ್ಯೋತ್ಸವ ಆಚರಿಸಿ ದಣಿದವರಿಗೆ ಆ ಕನಸು ನ್ಯಾಯವಾದುದೇ. ಆದರೆ ಭವನವೆಂದೊಡನೆ ನಾವು ಬಿಡಿಸುವ ಚಿತ್ರ ಯಾವುದು? ಮುಂದೆ ಗಾಜು, ಮೇಲೆ ಸಿಮೆಂಟಿನ ಹೊಯ್ಸಳ ಲಾಂಛನ, ಒಳಗೆ ಮದುವೆಗೆ ಬಾಡಿಗೆ ಕೊಡುವ ದೊಡ್ಡ ಹಾಲು, ಬಾಗಿಲಿಗೆ ಬೀಗ. ವರ್ಷದಲ್ಲಿ ಹತ್ತು ದಿನ ಕನ್ನಡಕ್ಕೆ, ಉಳಿದ ದಿನ ಬಾಡಿಗೆಗೆ. ಕಲ್ಯಾಣದ ಅನುಭವ ಮಂಟಪವನ್ನು ನೆನೆಯುವ ನಾಡಿನವರಾದ ನಮಗೆ, ಕಟ್ಟಡವೊಂದರ ಬೆಲೆ ಅದರೊಳಗೆ ಯಾರು ಕೂತು ಮಾತನಾಡಬಲ್ಲರು ಎಂಬುದರಿಂದ ನಿಶ್ಚಯವಾಗುತ್ತದೆಂದು ಬೇರೆಯವರು ತಿಳಿಸಬೇಕಿಲ್ಲ.

ಬೀದಿಗೆ ತೆರೆದ, ಚೀಟಿಯಿಲ್ಲದೆ ಕೂರಬಹುದಾದ ಒಂದು ಪಡಸಾಲೆ ನಮ್ಮ ಭವನಗಳಿಗೆ ಮೊದಲು ಬೇಕು. ಸಂಜೆ ಕೆಲಸ ಬಿಟ್ಟು ಬಂದ ಗೌಂಡಿ, ಮನೆಗೆಲಸ ಮುಗಿಸಿದ ಹೆಣ್ಣುಮಗಳು, ಕನ್ನಡ ಓದಲು ಬಾರದೆ ಕೊಂಕಣಿ ಅಥವಾ ಮಲಯಾಳ ಶಾಲೆಗೆ ಹೋಗುವ ಅವರ ಮಕ್ಕಳು ಅಂಜದೆ ಒಳಗೆ ಕಾಲಿಡುವಂಥ ಜಾಗ ಅದಾಗಬೇಕು. ಪಕ್ಕದ ಭಾಷೆಯವರೂ ಅಲ್ಲಿ ಕೂರಲಿ. ಕೂತವರ ಕಿವಿಗೆ ಕನ್ನಡ ಬೀಳುತ್ತದೆ. ಎರಡನೆಯದಾಗಿ, ಕಟ್ಟಡ ಆಯಾ ನೆಲದ್ದಾಗಿರಲಿ: ಕರಾವಳಿಯಲ್ಲಿ ಇಳಿಜಾರು ಮಾಡು, ಅಗಲ ಸೂರು, ಮುರಕಲ್ಲು, ಸೊಲ್ಲಾಪುರ, ಆದವಾನಿಗಳ ಬಯಲುಸೀಮೆಯಲ್ಲಿ ದಪ್ಪ ಗೋಡೆ, ಒಳ ಅಂಗಳ, ಬೆಳಕಿಂಡಿ. ಮೂರನೆಯದಾಗಿ, ಕಟ್ಟಲು ಕೂಡಿಸಿದ ಹಣದಲ್ಲಿ ಒಂದು ಪಾಲನ್ನು ಮೊದಲ ದಿನವೇ ದುರಸ್ತಿಗೆಂದು ತೆಗೆದಿಡಬೇಕು. ಕಲಾ ಅಕಾಡೆಮಿಗೆ ಒದಗಿದ ಪಾಡು ನಮ್ಮ ಭವನಗಳಿಗೆ ಬರದಿರಲು ಬೇರೆ ಉಪಾಯವಿಲ್ಲ.

ಕೊನೆಯದಾಗಿ, ಕಾಲ ಮೀರುವ ಮೊದಲು ಆಗಬೇಕಾದ ಒಂದು ಕೆಲಸವಿದೆ. ಕದಂಬರ ಶಾಸನಗಳನ್ನು ಓದಿ ಅಚ್ಚು ಹಾಕಿಸಿದ ವಿದ್ವಾಂಸರಿಂದ ಗೋವೆಯ ಕನ್ನಡದ ಹಳೆಯ ಚರಿತ್ರೆ ನಮಗೆ ತಿಳಿಯಿತು. ಗೋವೆಯ ಬಿಡುಗಡೆಯ ನಂತರ ಬಂದು ಅದರ ಸೇತುವೆ, ಶಾಲೆ, ವಸತಿಗಳಿಗೆ ಕಾಂಕ್ರೀಟು ಹೊತ್ತ ತಲೆಮಾರಿನ ಚರಿತ್ರೆ ಯಾವ ಕಲ್ಲಿನ ಮೇಲೂ ಇಲ್ಲ. ಅವರಲ್ಲಿ ಬದುಕಿರುವವರಿಗೆ ಈಗ ಎಪ್ಪತ್ತು ಎಂಬತ್ತರ ವಯಸ್ಸು. ಯಾವ ಊರಿನಿಂದ ಬಂದರು, ಎಲ್ಲಿ ಗುಡಿಸಲು ಹಾಕಿದರು, ಯಾವ ಕಟ್ಟಡದಲ್ಲಿ ಯಾವ ಕೆಲಸ ಮಾಡಿದರು, ಕೂಲಿ ಎಷ್ಟಿತ್ತು, ಜೊತೆಗಾರರಲ್ಲಿ ಯಾರು ಸಾರವೆಯಿಂದ ಬಿದ್ದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡಬೇಕು. ಗೋವೆಯ ಕನ್ನಡ ಸಂಘಗಳು ಮುಂದಿನ ಸಮ್ಮೇಳನದ ಹೊತ್ತಿಗೆ ಅಂಥ ನೂರು ಜನರ ಮಾತುಗಳ ಒಂದು ಸಂಪುಟವನ್ನು ಹೊರತಂದರೆ, ಆಧುನಿಕ ವಾಸ್ತುಶಿಲ್ಪದ ಚರಿತ್ರೆಗೆ ಅದು ಕನ್ನಡ ಕೊಡಬಹುದಾದ ದೊಡ್ಡ ಕಾಣಿಕೆಯಾದೀತು.